ಓದುಗರ ಪ್ರಶ್ನೆ, ನಮ್ಮ ಉತ್ತರ: ಆಸರೆಗೆ ಬಂದ ಪಿರಾನ್ಹಾಗಳು ಆಹಾರ ಮುಟ್ಟದಿದ್ದಾಗ

ಪ್ರಶ್ನೆ: ನಮ್ಮ ಬೀದಿಯ ಬಾಡಿಗೆ ಮನೆಯೊಂದನ್ನು ಖಾಲಿ ಮಾಡಿದವರು ಗಾಜಿನ ತೊಟ್ಟಿಯೊಂದನ್ನು ಮೀನುಗಳ ಸಮೇತ ಬಿಟ್ಟು ಹೋಗಿದ್ದರು. ನೀರು ಹಸಿರುಗಟ್ಟಿ ನಾರುತ್ತಿತ್ತು. ಮನೆಯ ಮಾಲೀಕರ ಒಪ್ಪಿಗೆ ಪಡೆದು, ಅದರಲ್ಲಿದ್ದ ಐದು ಕೆಂಪು ಹೊಟ್ಟೆಯ ಪಿರಾನ್ಹಾಗಳನ್ನು ತಂದು ನಮ್ಮಲ್ಲಿನ ನಾಲ್ಕು ಅಡಿಯ ಹೊಸ ತೊಟ್ಟಿಗೆ ಬಿಟ್ಟಿದ್ದೇವೆ. ಒಂದೊಂದೂ ಅಂಗೈಯಷ್ಟು ಉದ್ದವಿದೆ. ವಾರವಾದರೂ ಅವು ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿವೆಯೇ ಹೊರತು ಹಾಕಿದ ಯಾವುದನ್ನೂ ಮುಟ್ಟುತ್ತಿಲ್ಲ. ಕೆಲವರು ಜೀವಂತ ಮೀನು ಹಾಕಿ ಎನ್ನುತ್ತಾರೆ, ಇನ್ನು ಕೆಲವರು ಕೋಳಿಮಾಂಸ ಹಾಕಿ ಎನ್ನುತ್ತಾರೆ. ಏನು ಮಾಡಬೇಕು?
— ಓದುಗರೊಬ್ಬರು, ವಿನೋಬನಗರ, ಶಿವಮೊಗ್ಗ

ಉತ್ತರ: ನೀವು ಹೇಳಿದ ಗಾತ್ರಕ್ಕೆ ಬೆಳೆದ, ಮೈಯಲ್ಲಿ ಸ್ವಲ್ಪ ಕಸುವಿರುವ ಪಿರಾನ್ಹಾ ಎರಡು ವಾರ ಏನನ್ನೂ ತಿನ್ನದೆ ಇದ್ದರೂ ಅದರ ಜೀವಕ್ಕೆ ಅಪಾಯವಿಲ್ಲ. ಆದರೆ ಅದು ತಿನ್ನದೆ ಬಿಟ್ಟ ಆಹಾರ ತಳದಲ್ಲಿ ಕೊಳೆತರೆ ಒಂದೆರಡು ದಿನಗಳಲ್ಲೇ ಅಪಾಯ ಎದುರಾಗುತ್ತದೆ. ಆದ್ದರಿಂದ ಇಂದು ಮಾಡಬೇಕಾದ ಕೆಲಸವೆಂದರೆ ಹೊಸ ಆಹಾರ ಹುಡುಕುವುದಲ್ಲ, ಈವರೆಗೆ ಹಾಕಿದ್ದರ ಚೂರುಗಳನ್ನೆಲ್ಲ ತೆಗೆದು ನೀರನ್ನು ಪರೀಕ್ಷಿಸುವುದು.

ನಿಮ್ಮದು ಹೊಸ ತೊಟ್ಟಿ ಎಂಬುದು ಈ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದ ಸಂಗತಿ. ಮೀನಿನ ಕಿವಿರುಗಳಿಂದಲೂ ಮಲದಿಂದಲೂ ಹೊರಬೀಳುವ ಅಮೋನಿಯಾವನ್ನು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ. ಮೂರನೆಯದು ಮಿತಿಯಲ್ಲಿದ್ದರೆ ಹಾನಿಯಿಲ್ಲ. ಈ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಐದು ದೊಡ್ಡ ಮೀನುಗಳು ತಮ್ಮದೇ ಹೊಲಸಿನಲ್ಲಿ ಉಸಿರಾಡುತ್ತಿರುತ್ತವೆ, ಮತ್ತು ಕಿವಿರು ಉರಿಯುವ ಮೀನು ಆಹಾರದ ಕಡೆ ತಿರುಗಿಯೂ ನೋಡುವುದಿಲ್ಲ. ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ ಸಿಗುತ್ತದೆ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಪ್ರತಿದಿನ ಕಾಲು ಭಾಗದಷ್ಟು ನೀರನ್ನು ಬದಲಿಸುತ್ತ ಬನ್ನಿ. ಪಾಲಿಕೆಯ ನಲ್ಲಿ ನೀರಾದರೆ ಅದರಲ್ಲಿರುವ ಕ್ಲೋರಿನ್ ಮೀನನ್ನಷ್ಟೇ ಅಲ್ಲ, ಸ್ಪಂಜಿನ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಒಂದು ಇಡೀ ದಿನ ಅಗಲ ಬಾಯಿಯ ಪಾತ್ರೆಯಲ್ಲಿ ಏರ್ ಪಂಪಿನ ಗುಳ್ಳೆ ಹಾಯಿಸಿಯೋ, ಸೋಡಿಯಂ ಥಯೋಸಲ್ಫೇಟ್ ಇರುವ ದ್ರಾವಣವನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿಯೋ ಬಳಸಿ. ಆ ಹಳೆಯ ತೊಟ್ಟಿಯ ಫಿಲ್ಟರ್ ಒಣಗದೆ ಇನ್ನೂ ಅಲ್ಲೇ ಇದ್ದರೆ ಅದರ ಸ್ಪಂಜನ್ನು ತಂದು, ನಲ್ಲಿಯ ಕೆಳಗೆ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿ ಮೆಲ್ಲಗೆ ಹಿಂಡಿ ನಿಮ್ಮ ಫಿಲ್ಟರಿಗೆ ಸೇರಿಸಿ. ನಾಲ್ಕು ವಾರಗಳ ಕಾಯುವಿಕೆ ಇದರಿಂದ ಕೆಲವೇ ದಿನಗಳಿಗೆ ಇಳಿಯಬಹುದು.

ಇನ್ನೊಂದು ವಿಷಯವೂ ಇದೆ. ತಿಂಗಳುಗಟ್ಟಲೆ ನೀರು ಬದಲಿಸದ ತೊಟ್ಟಿಯಲ್ಲಿ ನೈಟ್ರೇಟ್ ಏರಿ ಪಿಎಚ್ (ನೀರಿನ ಆಮ್ಲ-ಕ್ಷಾರಗಳ ಅಳತೆ) ಇಳಿದಿರುತ್ತದೆ, ಮತ್ತು ಮೀನಿನ ದೇಹ ಆ ಕೆಟ್ಟ ನೀರಿಗೇ ಹೊಂದಿಕೊಂಡಿರುತ್ತದೆ. ಅಲ್ಲಿಂದ ತಿಳಿನೀರಿಗೆ ಒಮ್ಮೆಲೇ ಬಂದ ಮೀನು, ಆ ನೀರು ಎಷ್ಟೇ ಒಳ್ಳೆಯದಿದ್ದರೂ, ಕೆಲವು ದಿನ ಮಂಕಾಗುತ್ತದೆ. ಹೊಟ್ಟೆಯ ಕೆಂಪು ಮಾಸುವುದು, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ನಿಲ್ಲುವುದು ಇದರ ಲಕ್ಷಣ. ಇದಕ್ಕೆ ಔಷಧವಿಲ್ಲ, ಬೇಕಾಗಿಯೂ ಇಲ್ಲ. ಉಷ್ಣತೆಯನ್ನು 25ರಿಂದ 27 ಡಿಗ್ರಿ ಸೆಲ್ಸಿಯಸ್ ನಡುವೆ ಏರಿಳಿತವಿಲ್ಲದಂತೆ ಕಾಯ್ದುಕೊಂಡರೆ ಸಾಕು. ಮಾರ್ಗಶಿರ, ಪುಷ್ಯದ ರಾತ್ರಿಗಳಲ್ಲಿ ನಮ್ಮ ಕಡೆ ತೊಟ್ಟಿಯ ನೀರು 20 ಡಿಗ್ರಿಗೂ ಕೆಳಗೆ ಇಳಿಯಬಲ್ಲದು. ಆಗ ಪಿರಾನ್ಹಾದ ಜೀರ್ಣಶಕ್ತಿಯೇ ಕುಂದುವುದರಿಂದ ಅದು ಆಹಾರ ಬಿಡುವುದು ಸಹಜ. ಹೀಟರ್ ಹಾಕುವಾಗ ಅದಕ್ಕೊಂದು ಪ್ಲಾಸ್ಟಿಕ್ ಜಾಲರಿಯ ಕವಚ ಇರಲಿ. ಬೆದರಿದ ಪಿರಾನ್ಹಾ ಹೀಟರಿನ ಗಾಜಿಗೆ ಡಿಕ್ಕಿ ಹೊಡೆಯುವುದೂ, ವಿದ್ಯುತ್ ತಂತಿಯನ್ನು ಕಚ್ಚುವುದೂ ಉಂಟು.

ಈಗ ಭಯದ ವಿಚಾರ. ಈ ಮೀನನ್ನು ಜಗತ್ತು ರಕ್ತಪಿಪಾಸುವೆಂದು ನಂಬಲು ಮುಖ್ಯ ಕಾರಣ 1913–14ರಲ್ಲಿ ಬ್ರೆಜಿಲ್ ಸುತ್ತಿದ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಬರೆದ ವರ್ಣನೆಗಳು. ಆದರೆ ಅದನ್ನು ಅದರ ನೆಲೆಯಲ್ಲೇ ನೋಡಿದ ವಿಜ್ಞಾನಿಗಳ ಅನುಭವ ಬೇರೆ. ಅಮೆಜಾನಿನಲ್ಲಿ ಮೊಸಳೆಯ ಜಾತಿಯ ಕೈಮನ್, ನದಿಯ ಡಾಲ್ಫಿನ್, ನೀರುಕಾಗೆ ಮುಂತಾದವು ಪಿರಾನ್ಹಾವನ್ನು ಹಿಡಿದು ತಿನ್ನುತ್ತವೆ. ಹೆಲ್ಡರ್ ಕ್ವೆರೋಜ್ ಮತ್ತು ಆನ್ ಮಗುರನ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡೇ ಮೀನುಗಳಿದ್ದಾಗ ಅವುಗಳ ಕಿವಿರಿನ ಬಡಿತ ಹೆಚ್ಚಾಗಿತ್ತು, ಎಂಟು ಒಟ್ಟಿಗಿದ್ದಾಗ ಬಡಿತ ಇಳಿದಿತ್ತು. ಎಂದರೆ ಇವು ಗುಂಪುಗೂಡುವುದು ಬೇಟೆಗಿಂತ ಹೆಚ್ಚಾಗಿ ರಕ್ಷಣೆಗಾಗಿ. ನಿಮ್ಮ ಐದು ಮೀನುಗಳು ಮೂಲೆಯಲ್ಲಿ ಒತ್ತಿಕೊಂಡು ನಿಂತಿರುವುದನ್ನು ಈ ಬೆಳಕಿನಲ್ಲಿ ನೋಡಿ. ಅವು ರೋಗದಿಂದ ಮುದುಡಿಲ್ಲ, ಅಡಗುವ ಜಾಗ ಸಿಗದೆ ಒಂದರ ಮೈಯನ್ನು ಇನ್ನೊಂದು ಆಸರೆ ಮಾಡಿಕೊಂಡಿವೆ.

ಆದ್ದರಿಂದ ತೊಟ್ಟಿಯ ಹಿಂಬದಿ ಮತ್ತು ಎರಡೂ ಪಕ್ಕಗಳ ಗಾಜಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ, ಮುಂಬದಿಗೆ ಮೊದಲ ವಾರ ಹಳೆಯ ಪಂಚೆಯನ್ನೋ ಚಾದರವನ್ನೋ ಇಳಿಬಿಡಿ. ಮೇಲಿನ ದೀಪ ಆರಿಸಿ. ತೊಟ್ಟಿ ಟಿ.ವಿ. ಪಕ್ಕದಲ್ಲೋ, ಬಾಗಿಲು ಪದೇ ಪದೇ ಬಡಿಯುವ ಹಜಾರದಲ್ಲೋ ಇದ್ದರೆ ಜನ ಕಡಿಮೆ ಓಡಾಡುವ ಕೋಣೆಗೆ ಸ್ಥಳಾಂತರಿಸುವುದೇ ಲೇಸು. ಒಳಗೆ, ಬಣ್ಣ ಹಚ್ಚದ ಬಾಯಿ ಅಗಲದ ಮಣ್ಣಿನ ಮಡಕೆಗಳನ್ನು ಅಡ್ಡ ಮಲಗಿಸಿ, ನೀರಿನಲ್ಲಿ ಚೆನ್ನಾಗಿ ನೆನೆದು ಮುಳುಗುವಂತಾದ ಮರದ ಬೇರಿನ ತುಂಡುಗಳನ್ನಿಡಿ. ಬೀದಿ ಬದಿಯ ಬಾದಾಮಿ ಮರದಿಂದ ತಾನಾಗಿ ಉದುರಿ ಒಣಗಿದ ಎಲೆಗಳನ್ನು ತೊಳೆದು ನಾಲ್ಕಾರು ಹಾಕಿದರೆ ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗುತ್ತದೆ. ಅಮೆಜಾನಿನ ಎಷ್ಟೋ ಹೊಳೆಗಳ ನೀರು ಕಾಡಿನ ತರಗೆಲೆಗಳಿಂದ ಇದೇ ಬಣ್ಣಕ್ಕಿದೆ, ಮತ್ತು ಇಂಥ ಮಬ್ಬಿನಲ್ಲಿ ಈ ಮೀನುಗಳು ಎಷ್ಟೋ ನಿರಾಳವಾಗಿರುತ್ತವೆ. ನೀವು ಹತ್ತಿರ ಹೋದಾಗ ಯಾವುದಾದರೊಂದು ಬಣ್ಣಗೆಟ್ಟು ಪಕ್ಕಕ್ಕೆ ವಾಲಿ ತಳದಲ್ಲಿ ಮಲಗಿಬಿಟ್ಟರೆ ಸತ್ತಿತೆಂದು ಕೈ ಹಾಕಬೇಡಿ. ತೀರ ಬೆದರಿದ ಪಿರಾನ್ಹಾ ಹಾಗೆ ಮಲಗುವುದುಂಟು. ಕಿವಿರಿನ ಮುಚ್ಚಳ ಆಡುತ್ತಿದೆಯೇ ನೋಡಿ, ಕೋಣೆಯಿಂದ ಹೊರಗೆ ಬನ್ನಿ. ಕೆಲವು ನಿಮಿಷಗಳಲ್ಲಿ ಎದ್ದು ಗುಂಪು ಸೇರುತ್ತದೆ.

ಇಷ್ಟಾದ ಮೇಲೆ ಆಹಾರ. ಜೀವಂತ ಮೀನು ಹಾಕುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಅಂಗಡಿಯ ಅಗ್ಗದ ಮರಿಮೀನುಗಳು ಬಿಳಿಚುಕ್ಕೆ ರೋಗವನ್ನೂ ಪರೋಪಜೀವಿಗಳನ್ನೂ ಹೊತ್ತು ತರುತ್ತವೆ, ಬಳಲಿದ ಪಿರಾನ್ಹಾಗಳಿಗೆ ಅವನ್ನು ತಡೆಯುವ ಶಕ್ತಿ ಇರುವುದಿಲ್ಲ. ಹಾಗೆ ಅಟ್ಟಿಸಿಕೊಂಡು ಸಾಯುವ ಮರಿಮೀನಿನ ಸಂಕಟವೂ ನಮ್ಮ ಲೆಕ್ಕಕ್ಕೆ ಬರಬೇಕು. ಅಲ್ಲದೆ ಗೋಲ್ಡ್‌ಫಿಶ್ ಮತ್ತು ಗೆಂಡೆ ಜಾತಿಯ ಹಲವು ಮೀನುಗಳ ಮಾಂಸದಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದ್ದು, ಅದು ವಿಟಮಿನ್ ಬಿ1 ಅನ್ನು ಒಡೆಯುತ್ತದೆ. ಅದನ್ನೇ ದಿನವೂ ತಿಂದ ಮೀನು ಕಾಲಕ್ರಮದಲ್ಲಿ ನರದೌರ್ಬಲ್ಯಕ್ಕೆ ತುತ್ತಾಗುತ್ತದೆ. ಕೋಳಿ, ಕುರಿ, ದನದ ಮಾಂಸದ ಕೊಬ್ಬು ಮೀನಿನ ದೇಹದಲ್ಲಿ ಸರಿಯಾಗಿ ಕರಗದೆ ಯಕೃತ್ತಿನಲ್ಲಿ ಶೇಖರವಾಗುತ್ತದೆ, ನೀರಿನ ಮೇಲೆ ಜಿಡ್ಡಿನ ಪದರವನ್ನೂ ಕಟ್ಟುತ್ತದೆ. ಭೂತಾಯಿ, ಬಂಗುಡೆಗಳಲ್ಲಿಯೂ ಎಣ್ಣೆಯಂಶ ಹೆಚ್ಚು. ಅಪರೂಪಕ್ಕೆ ಒಂದು ತುಣುಕು ಸಾಕು. ಒಣಮೀನು ಉಪ್ಪಿನ ಕಾರಣ ಸಂಪೂರ್ಣ ವರ್ಜ್ಯ.

ಹಸಿ ಸಿಗಡಿಯಿಂದ ಆರಂಭಿಸುವುದು ಉತ್ತಮ. ಅದರ ವಾಸನೆ ನೀರಿನಲ್ಲಿ ಬೇಗ ಹರಡುತ್ತದೆ, ಪಿರಾನ್ಹಾ ಕಣ್ಣಿಗಿಂತ ಮೊದಲು ವಾಸನೆಯಿಂದ ಅದನ್ನು ಗುರುತಿಸುತ್ತದೆ. ಮಾರುಕಟ್ಟೆಯಿಂದ ತಂದ ಸಿಗಡಿಯನ್ನು ತೊಳೆದು ಒಂದು ವಾರ ಫ್ರೀಜರಿನಲ್ಲಿಟ್ಟು, ಬಳಸುವ ದಿನ ಕರಗಿಸಿ, ಸಿಪ್ಪೆಸಹಿತ ಮೀನಿನ ಕಣ್ಣಿಗಿಂತ ಸ್ವಲ್ಪ ದೊಡ್ಡ ತುಣುಕುಗಳಾಗಿ ಕತ್ತರಿಸಿ. ಅದಕ್ಕೂ ಒಲಿಯದಿದ್ದರೆ ಎರೆಹುಳು. ಅದನ್ನು ಗೊಬ್ಬರದ ಗುಂಡಿಯಿಂದ ತೆಗೆಯದೆ ಕೈತೋಟದ ಮಣ್ಣಿನಿಂದ ತೆಗೆಯಿರಿ, ಏಕೆಂದರೆ ಗೊಬ್ಬರದಲ್ಲಿ ಬೆಳೆಯುವ ಕೆಂಪು ಹುಳು ಮುಟ್ಟಿದಾಗ ಸೂಸುವ ಹಳದಿ ದ್ರವ ಕಹಿಯಾಗಿದ್ದು, ಮೀನುಗಳು ಬಾಯಿಗೆ ತೆಗೆದುಕೊಂಡು ಉಗಿದುಬಿಡುತ್ತವೆ. ಹುಳುವನ್ನು ಒಂದು ರಾತ್ರಿ ಒದ್ದೆ ಕಾಗದದಲ್ಲಿಟ್ಟರೆ ಅದರ ಹೊಟ್ಟೆಯ ಮಣ್ಣು ಕಳೆಯುತ್ತದೆ.

ಹಾಕುವ ಹೊತ್ತು ಮುಸ್ಸಂಜೆ. ಉದ್ದನೆಯ ಇಕ್ಕಳದಲ್ಲಿ ಎರಡು ತುಣುಕು ಹಿಡಿದು ಮಡಕೆಯ ಬಾಯಿಯ ಹತ್ತಿರ ಬಿಟ್ಟು, ಕೋಣೆಯ ದೀಪ ಆರಿಸಿ ಹೊರಗೆ ಬನ್ನಿ. ಇಣುಕಿ ನೋಡಬೇಕೆಂಬ ಆಸೆಯನ್ನು ತಡೆಯಲೇಬೇಕು. ಕಾಲು ಗಂಟೆಯ ಬಳಿಕ ಹೋಗಿ, ಉಳಿದಿದ್ದರೆ ತೆಗೆದುಬಿಡಿ, ಮರುದಿನ ಏನೂ ಹಾಕಬೇಡಿ, ಅದರ ಮರುದಿನ ಮತ್ತೆ ಪ್ರಯತ್ನಿಸಿ. ಸಾಮಾನ್ಯವಾಗಿ ಗುಂಪಿನ ಧೈರ್ಯವಂತ ಮೀನೊಂದು ಮುಂದೆ ಬಂದು, ತುಣುಕನ್ನು ಕಚ್ಚಿ ತಕ್ಷಣ ಹಿಂದಕ್ಕೆ ಸರಿಯುತ್ತದೆ. ಅದು ನುಂಗುವ ಸದ್ದು, ಅಲುಗಾಟ ಉಳಿದವಕ್ಕೆ ಧೈರ್ಯ ಕೊಡುತ್ತದೆ. ಮೊದಲು ತಿಂದದ್ದು ಒಂದೇ ಆದರೂ ಅಂದು ಹೆಚ್ಚು ಹಾಕಬೇಡಿ. ಎಲ್ಲವೂ ತಿನ್ನತೊಡಗಿದ ಮೇಲೆ ಬಿಳಿ ಮಾಂಸದ ಮೀನಿನ ತುಣುಕು, ಸಿಗಡಿ, ಎರೆಹುಳುಗಳನ್ನು ಬದಲಾಯಿಸುತ್ತ ಎರಡು ದಿನಕ್ಕೊಮ್ಮೆ ಕೊಡಿ. ಕ್ರಮೇಣ ಮುಳುಗುವ ಗುಳಿಗೆ ಆಹಾರವನ್ನು ಸಿಗಡಿಯ ರಸದಲ್ಲಿ ನೆನೆಸಿ ರೂಢಿಸಿದರೆ ವಿಟಮಿನ್ನಿನ ಕೊರತೆ ಕಾಡದು.

ಮೂರು ವಾರ ಕಳೆದರೂ ಒಂದೂ ಮುಟ್ಟದಿದ್ದರೆ, ಬೆನ್ನಿನ ಮಾಂಸ ಇಳಿದು ತಲೆ ಮೈಗಿಂತ ದೊಡ್ಡದಾಗಿ ಕಾಣತೊಡಗಿದರೆ, ಅಥವಾ ಮೈಮೇಲೆ ಹತ್ತಿಯಂಥ ಬೆಳವಣಿಗೆ ಕಂಡರೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ವಿಚಾರಿಸಿ. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯ 1969ರಿಂದ ಮೀನುಗಳ ವಿಷಯವನ್ನೇ ಕಲಿಸುತ್ತಿರುವ ಸಂಸ್ಥೆ. ಅಲ್ಲಿನ ತಜ್ಞರಿಗೆ ಮೀನಿನ ಫೋಟೋ ಮತ್ತು ನೀರಿನ ಪರೀಕ್ಷೆಯ ಅಂಕಿಗಳನ್ನು ಬರೆದು ಕಳುಹಿಸಬಹುದು. ನಾಲ್ಕು ಅಡಿಯ ತೊಟ್ಟಿ ಸದ್ಯಕ್ಕೆ ನಡೆಯುತ್ತದೆ. ಆದರೆ ಈ ಮೀನು 25ರಿಂದ 30 ಸೆಂಟಿಮೀಟರ್ ಬೆಳೆಯುವಂಥದ್ದು, ಹತ್ತು ವರ್ಷಕ್ಕೂ ಹೆಚ್ಚು ಬದುಕುವಂಥದ್ದು. ವರ್ಷದೊಳಗೆ ಆರು ಅಡಿಯ, ಕನಿಷ್ಠ 500 ಲೀಟರಿನ ತೊಟ್ಟಿಯ ಏರ್ಪಾಡು ಮಾಡಿಕೊಳ್ಳಿ.

ಪ್ರಶ್ನೆ: ಊರು ಬಿಟ್ಟ ಸ್ನೇಹಿತರ ಮೂರು ಪಿರಾನ್ಹಾಗಳು ನಮ್ಮಲ್ಲಿವೆ. ಬಾವಿಯ ನೀರನ್ನೇ ಬಳಸುತ್ತೇವೆ. ಎರಡು ತಿಂಗಳು ಚೆನ್ನಾಗಿ ತಿನ್ನುತ್ತಿದ್ದವು, ಮಳೆ ಶುರುವಾದ ಮೇಲೆ ತಿನ್ನುವುದನ್ನು ಪೂರ್ತಿ ಬಿಟ್ಟಿವೆ. ನೀರು ಕನ್ನಡಿಯಂತೆ ತಿಳಿಯಾಗಿದೆ.
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತಿಳಿನೀರೆಂದರೆ ಸುರಕ್ಷಿತ ನೀರೆಂದು ತಿಳಿಯುವಂತಿಲ್ಲ. ಜಂಬಿಟ್ಟಿಗೆ ನೆಲದ ನಮ್ಮ ಬಾವಿಗಳ ನೀರು ಸಾಮಾನ್ಯವಾಗಿ ಮೃದು, ತುಸು ಆಮ್ಲೀಯ. ಪಿರಾನ್ಹಾಕ್ಕೆ ಇದು ಹೊಂದುವ ನೀರೇ. ತೊಂದರೆಯಿರುವುದು ಬ್ಯಾಕ್ಟೀರಿಯಾಗಳಿಗೆ. ಅವು ಅಮೋನಿಯಾವನ್ನು ಬದಲಿಸುವಾಗ ಆಮ್ಲ ಉತ್ಪತ್ತಿಯಾಗುತ್ತದೆ, ಆ ಆಮ್ಲವನ್ನು ತಣಿಸಲು ಬೇಕಾದ ಕಾರ್ಬೊನೇಟ್ ಅಂಶ ಮೃದು ನೀರಿನಲ್ಲಿ ಬಹಳ ಕಡಿಮೆ. ಮಳೆಗಾಲದಲ್ಲಿ ಬಾವಿ ತುಂಬಿ ನೀರು ಇನ್ನಷ್ಟು ತೆಳುವಾದಾಗ ಅದೂ ಮುಗಿಯುತ್ತದೆ. ಪಿಎಚ್ 6ಕ್ಕಿಂತ ಕೆಳಗೆ ಕುಸಿದಾಗ ಬ್ಯಾಕ್ಟೀರಿಯಾಗಳ ಕೆಲಸ ಬಹುಮಟ್ಟಿಗೆ ನಿಲ್ಲುತ್ತದೆ, ಹೊಲಸು ಕಣ್ಣಿಗೆ ಕಾಣದಂತೆ ಶೇಖರವಾಗುತ್ತದೆ. ಆಮ್ಲೀಯ ನೀರಿನಲ್ಲಿ ಅದು ಹೆಚ್ಚಾಗಿ ಅಷ್ಟು ವಿಷವಲ್ಲದ ಅಮೋನಿಯಂ ರೂಪದಲ್ಲಿರುವುದರಿಂದ ಮೀನು ಹೇಗೋ ತಾಳಿಕೊಂಡಿರುತ್ತದೆ. ನೀವು ಗಾಬರಿಯಿಂದ ಅರ್ಧ ತೊಟ್ಟಿ ನೀರು ಚೆಲ್ಲಿ, ಹೆಚ್ಚು ಪಿಎಚ್ ಇರುವ ನಲ್ಲಿ ನೀರನ್ನೋ ಬೋರ್‌ವೆಲ್ ನೀರನ್ನೋ ತುಂಬಿದರೆ ಅದೇ ಅಮೋನಿಯಂ ಕ್ಷಣಮಾತ್ರದಲ್ಲಿ ವಿಷಕಾರಿ ಅಮೋನಿಯಾ ಆಗುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಆ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಆದ್ದರಿಂದ ಪ್ರತಿದಿನ ಹತ್ತನೇ ಒಂದು ಭಾಗದಷ್ಟು ಮಾತ್ರ, ಅದೇ ಬಾವಿಯ ನೀರಿನಿಂದ, ಒಂದು ವಾರ ಬದಲಿಸಿ. ಜೊತೆಗೆ ಸಮುದ್ರದ ಕಪ್ಪೆಚಿಪ್ಪುಗಳನ್ನು ತೊಳೆದು ಜಜ್ಜಿ, ಒಂದು ಹಿಡಿಯಷ್ಟನ್ನು ಸಣ್ಣ ಜಾಲರಿ ಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಡಿ. ಅದು ನಿಧಾನವಾಗಿ ಕರಗಿ ಪಿಎಚ್ ಕುಸಿಯದಂತೆ ತಡೆಯುತ್ತದೆ.

ಮಳೆ ಶುರುವಾದ ಮೇಲೆ ಎಂದು ಬರೆದಿರುವುದರಿಂದ ಇನ್ನೊಂದು ಸಂಶಯವನ್ನೂ ಹೇಳಲೇಬೇಕು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿದೆ, ಅದರ ತಾಮ್ರ ಮೀನಿಗೆ ಅತ್ಯಂತ ಕಡಿಮೆ ಪ್ರಮಾಣದಲ್ಲೂ ಮಾರಕ, ಮೃದು ನೀರಿನಲ್ಲಂತೂ ಹೆಚ್ಚು ಮಾರಕ. ಔಷಧಿ ಕದಡಿದ ಬಕೆಟ್, ಡ್ರಮ್ಮು, ಮಗ್ಗುಗಳು ಎಷ್ಟೇ ತೊಳೆದಿದ್ದರೂ ಮೀನಿನ ಕೆಲಸಕ್ಕೆ ಬರಬಾರದು. ಮೀನಿಗೆಂದೇ ಒಂದು ಹೊಸ ಬಕೆಟ್ ಇಟ್ಟು ಅದರ ಮೇಲೆ ಬರೆದಿಡಿ. ಬಾವಿ ತೋಟದ ಕೆಳಗಿದ್ದರೆ ಔಷಧಿ ಹೊಡೆದ ವಾರಗಳಲ್ಲಿ ಬೇರೆ ನೀರು ಬಳಸಿ, ಆ ತೋಟದ ಎರೆಹುಳುವನ್ನೂ ಹಾಕಬೇಡಿ. ಚಳಿಗೆಂದು ಬಚ್ಚಲಿನ ತಾಮ್ರದ ಹಂಡೆಯ ಬಿಸಿನೀರನ್ನು ತೊಟ್ಟಿಗೆ ಬೆರೆಸುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಆಮ್ಲೀಯ ನೀರು ಹಂಡೆಯಲ್ಲಿ ರಾತ್ರಿಯಿಡೀ ನಿಂತಾಗ ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ನೀವೂ ಹಾಗೆ ಮಾಡುತ್ತಿದ್ದರೆ ಇಂದೇ ನಿಲ್ಲಿಸಿ, ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ.

ಪ್ರಶ್ನೆ: ಹೊಸದಾಗಿ ತಂದ ಆರು ಮೀನುಗಳಲ್ಲಿ ಒಂದರ ಬಾಲ ಅರ್ಧ ಹರಿದಿದೆ. ಉಳಿದವು ಅದನ್ನು ತಿನ್ನಲು ಬಿಡುತ್ತಿಲ್ಲ. ಬಲೆಯಲ್ಲಿ ಎತ್ತಿದಾಗ ನಾಯಿ ಮೆಲ್ಲಗೆ ಬೊಗಳಿದಂಥ ಸದ್ದು ಮಾಡಿತು. ನೋವಿನ ಕೂಗೇ?
— ಓದುಗರೊಬ್ಬರು, ಸಾಗರ

ಉತ್ತರ: ಅದು ಬೆದರಿಕೆಯ ಸದ್ದು. ಗಾಳಿಚೀಲಕ್ಕೆ ಅಂಟಿದ ಸ್ನಾಯುಗಳನ್ನು ವೇಗವಾಗಿ ಕುಗ್ಗಿಸಿ ಕೆಂಪು ಹೊಟ್ಟೆಯ ಪಿರಾನ್ಹಾ ಈ ಸದ್ದು ಹೊರಡಿಸುತ್ತದೆ. ಎರಡು ಮೀನುಗಳು ಮುಖಾಮುಖಿಯಾದಾಗ ಇಂಥದ್ದೇ ಬೊಗಳುವಿಕೆ, ಆಹಾರಕ್ಕಾಗಿ ಸುತ್ತುಹಾಕಿ ಕಾದಾಡುವಾಗ ತಮಟೆಯಂಥ ಸದ್ದು, ಅಟ್ಟಿಸಿಕೊಂಡು ಹೋಗುವಾಗ ಹಲ್ಲು ಕಟಕಟಿಸುವ ಸದ್ದು ಎಂದು ಬೆಲ್ಜಿಯಂನ ವಿಜ್ಞಾನಿಗಳು 2011ರಲ್ಲಿ ಮೂರು ಬಗೆಗಳನ್ನು ದಾಖಲಿಸಿದ್ದಾರೆ. ಆದರೆ ಬಲೆಯನ್ನು ಇನ್ನು ಬಳಸಬೇಡಿ. ಹಲ್ಲು ನೈಲಾನಿಗೆ ಸಿಕ್ಕಿಕೊಂಡು ಮೀನೂ ಗಾಯಗೊಳ್ಳುತ್ತದೆ, ಬಿಡಿಸಲು ಹೋದ ಬೆರಳೂ ಗಾಯಗೊಳ್ಳುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನೊಳಗೆ ಓರೆಯಾಗಿ ಹಿಡಿದು, ಒಂದು ಹಲಗೆಯಿಂದ ಮೀನನ್ನು ಅದರೊಳಕ್ಕೆ ನಡೆಸಿ, ನೀರಿನ ಸಮೇತ ಎತ್ತಬೇಕು.

ಹರಿದ ರೆಕ್ಕೆ ಶುದ್ಧ ನೀರಿನಲ್ಲಿ ಕೆಲವು ವಾರಗಳಲ್ಲಿ ಮತ್ತೆ ಬೆಳೆಯುತ್ತದೆ. ತೊಟ್ಟಿಯ ಮಧ್ಯೆ ತೂತುಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಗಟ್ಟಿಯಾಗಿ ನಿಲ್ಲಿಸಿ ಗಾಯಗೊಂಡ ಮೀನನ್ನು ಅದರ ಆಚೆ ಇಡಿ. ಬೇರೆ ತೊಟ್ಟಿಗೆ ಹಾಕುವುದಕ್ಕಿಂತ ಇದು ಒಳ್ಳೆಯದು, ಏಕೆಂದರೆ ಗುಂಪು ಕಣ್ಣೆದುರಿಗಿದ್ದರೆ ಅದು ಅಷ್ಟು ಬೆದರುವುದಿಲ್ಲ, ಬೇಗ ತಿನ್ನುತ್ತದೆ, ಮತ್ತೆ ಸೇರಿಸಿದಾಗ ಉಳಿದವು ಅದನ್ನು ಹೊಸಬನೆಂದು ಕಾಣುವುದೂ ಕಡಿಮೆ. ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು ಬೆರೆಸಬಹುದು, ಅದಕ್ಕಿಂತ ಹೆಚ್ಚು ಬೇಡ. ಉಳಿದವಕ್ಕೆ ಆಹಾರವನ್ನು ಒಂದೇ ಕಡೆ ಸುರಿಯದೆ ಮೂರು ಕಡೆ ಏಕಕಾಲಕ್ಕೆ ಬಿಡಿ. ಕಚ್ಚಾಟಕ್ಕೆ ಹಸಿವಿಗಿಂತ ಇಕ್ಕಟ್ಟು ಮತ್ತು ಅತಿ ಬೆಳಕು ಹೆಚ್ಚು ಕಾರಣವಾಗುತ್ತವೆ. ಸಣ್ಣ ಮರಿಗಳಾದರೆ ಮಾತ್ರ ಹಸಿವೇ ಮುಖ್ಯ ಕಾರಣ, ಅವಕ್ಕೆ ದಿನಕ್ಕೆರಡು ಸಲ ಆಹಾರ ಬೇಕು.

ಪ್ರಶ್ನೆ: ನಮ್ಮಲ್ಲಿಗೆ ಬಂದಿರುವುದು ನಿಜವಾಗಿ ಪಿರಾನ್ಹಾ ಹೌದೇ ಎಂದು ತಿಳಿಯುವುದು ಹೇಗೆ? ಸಂತೆಯಲ್ಲಿ ಮಾರುವ ರೂಪ್‌ಚಂದ್ ಮೀನಿನಂತೆಯೇ ಕಾಣುತ್ತದೆ.
— ಓದುಗರೊಬ್ಬರು, ಹೊಸನಗರ

ಉತ್ತರ: ಬಾಯಿ ನೋಡಿ. ಪಿರಾನ್ಹಾದ ಕೆಳದವಡೆ ಮುಂದಕ್ಕೆ ಚಾಚಿರುತ್ತದೆ, ತ್ರಿಕೋನಾಕಾರದ ಚೂಪು ಹಲ್ಲುಗಳು ಒಂದೇ ಸಾಲಿನಲ್ಲಿ ಒಂದಕ್ಕೊಂದು ಹೆಣೆದಂತಿರುತ್ತವೆ. ರೂಪ್‌ಚಂದ್ ಎಂದು ಮಾರಾಟವಾಗುವ ಕೆಂಪು ಹೊಟ್ಟೆಯ ಪಾಕು ಮೀನಿನ ಹಲ್ಲು ಮನುಷ್ಯರ ದವಡೆ ಹಲ್ಲಿನಂತೆ ಚಪ್ಪಟೆ. ಈ ಭೇದ ಆಹಾರಕ್ಕೂ ಮುಖ್ಯ. ಪಾಕು ಹೆಚ್ಚಾಗಿ ಹಣ್ಣು, ಬೀಜ, ಸೊಪ್ಪು ತಿನ್ನುವ ಮೀನು. ಅದಕ್ಕೆ ಸಿಗಡಿಯನ್ನೇ ಹಾಕುತ್ತ ತಿನ್ನುತ್ತಿಲ್ಲವೆಂದು ಕೊರಗುವವರಿದ್ದಾರೆ. ಬೇಯಿಸಿದ ಬಟಾಣಿ, ಸೌತೆಕಾಯಿ, ಬಸಳೆ ಸೊಪ್ಪು ಹಾಕಿ ನೋಡಿ. ಅದು ಪಿರಾನ್ಹಾಕ್ಕಿಂತ ಬಹಳ ದೊಡ್ಡದಾಗಿ ಬೆಳೆಯುವುದರಿಂದ ಮನೆಯ ತೊಟ್ಟಿ ಅದಕ್ಕೆ ಶಾಶ್ವತ ನೆಲೆಯಾಗಲಾರದು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಎರಡು ದಿನ ಕರೆಂಟು ಇಲ್ಲದಿರುವುದೂ ಉಂಟು. ಮೀನುಗಳನ್ನು ಹೇಗೆ ಉಳಿಸಿಕೊಳ್ಳುವುದು?
— ಓದುಗರೊಬ್ಬರು, ಆಗುಂಬೆ ಸಮೀಪ

ಉತ್ತರ: ಕರೆಂಟು ಹೋದ ಕೂಡಲೇ ಆಹಾರ ನಿಲ್ಲಿಸಿ. ಬ್ಯಾಟರಿಯ ಏರ್ ಪಂಪ್ ಒಂದನ್ನು ಸ್ಪಂಜ್ ಫಿಲ್ಟರಿಗೆ ಜೋಡಿಸಿದರೆ ಗಾಳಿಯೂ ಸಿಗುತ್ತದೆ, ಬ್ಯಾಕ್ಟೀರಿಯಾಗಳೂ ಉಳಿಯುತ್ತವೆ. ಮುಚ್ಚಿದ ಡಬ್ಬಿಯ ಫಿಲ್ಟರಾದರೆ ಹಲವು ಗಂಟೆ ನಿಂತ ನೀರು ಒಳಗೇ ಕೊಳೆಯುತ್ತದೆ. ಕರೆಂಟು ಬಂದಾಗ ಅದನ್ನು ಹೊರಗೆ ಚೆಲ್ಲಿ ಬಳಿಕವೇ ಚಾಲೂ ಮಾಡಿ. ಶಾಖ ಉಳಿಸಲು ತೊಟ್ಟಿಯ ಸುತ್ತ ಕಂಬಳಿ ಹೊದಿಸಿ. ಉಷ್ಣತೆ ಇಳಿದಿದ್ದರೆ ಹೀಟರ್ ನಿಧಾನವಾಗಿ ಏರಿಸಲಿ, ಪೂರ್ತಿ ಏರಿದ ಮರುದಿನ ಆಹಾರ ಕೊಡಿ.

ಪ್ರಶ್ನೆ: ಮಗ ತಂದ ನಾಲ್ಕು ಪಿರಾನ್ಹಾಗಳನ್ನು ಮುಂದೆ ಸಾಕಲು ಸಾಧ್ಯವಾಗದಿದ್ದರೆ ಭದ್ರಾ ನಾಲೆಗೋ ಊರ ಕೆರೆಗೋ ಬಿಡಬಹುದೇ? ಕೊಲ್ಲುವುದಕ್ಕಿಂತ ಅದು ಪುಣ್ಯವಲ್ಲವೇ?
— ಓದುಗರೊಬ್ಬರು, ಭದ್ರಾವತಿ

ಉತ್ತರ: ಖಂಡಿತ ಬಿಡಕೂಡದು. ನಿಮ್ಮ ದಯೆ ನನಗೆ ಅರ್ಥವಾಗುತ್ತದೆ, ಆದರೆ ನಾಲ್ಕು ಜೀವಗಳಿಗೆ ತೋರಿದ ಆ ದಯೆ ನಮ್ಮ ನದಿಯ ಸಾವಿರಾರು ಜೀವಗಳಿಗೆ ಕುತ್ತಾಗಬಹುದು. ನಮ್ಮ ನದಿಗಳ ನೀರು ವರ್ಷದ ಬಹುಪಾಲು ಈ ಮೀನಿಗೆ ಒಗ್ಗುವಷ್ಟು ಬೆಚ್ಚಗಿರುತ್ತದೆ. ನಾಲೆಗೆ ಬಿಟ್ಟ ಮೀನು ನಾಲೆಯಲ್ಲೇ ಉಳಿಯುವುದಿಲ್ಲ, ಕೆರೆಗೆ ಬಿಟ್ಟದ್ದು ಕೋಡಿ ಹರಿದಾಗ ಹಳ್ಳ ಸೇರುತ್ತದೆ, ಹಳ್ಳದಿಂದ ಹೊಳೆಗೆ. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗುವುದರಿಂದ ಒಂದು ನದಿಗೆ ಬಿಟ್ಟದ್ದು ಇನ್ನೊಂದಕ್ಕೂ ಬಿಟ್ಟಂತೆ. ಶೃಂಗೇರಿಯಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಚಿಬ್ಬಲಗುಡ್ಡೆಯಲ್ಲಿ ಜನರು ಭಕ್ತಿಯಿಂದ ಕಾಪಾಡಿಕೊಂಡು ಬಂದಿರುವ ದೇವರ ಮೀನುಗಳು ತುಂಗೆಯವೇ. ಆಫ್ರಿಕದ ಕ್ಯಾಟ್‌ಫಿಶ್ ಸಾಕಣೆಯನ್ನು ನಮ್ಮ ದೇಶದಲ್ಲಿ ನಿಷೇಧಿಸಿದ ಮೇಲೂ, ತಪ್ಪಿಸಿಕೊಂಡು ನದಿ ಸೇರಿದ ಮೀನುಗಳನ್ನು ಮತ್ತೆ ಹೊರತೆಗೆಯಲು ಆಗಿಲ್ಲ. ಪರಊರಿನ ಮೀನಿನ ಜೊತೆಗೆ ಬರುವ ರೋಗಾಣುಗಳ ವಿಷಯವೂ ಹಾಗೆಯೇ.

ನಿಮ್ಮಿಂದಾಗದಿದ್ದರೆ, ದೊಡ್ಡ ತೊಟ್ಟಿ ಇರುವ, ಈ ಮೀನನ್ನು ಬಲ್ಲ ಸಾಕಣೆದಾರರನ್ನು ಹುಡುಕಿ ಒಟ್ಟಿಗೇ ನಾಲ್ಕನ್ನೂ ಒಪ್ಪಿಸಿ. ಕೊಡುವ ಹಿಂದಿನ ದಿನ ಆಹಾರ ಹಾಕಬೇಡಿ, ಪ್ರಯಾಣದ ನೀರು ಅಷ್ಟರಮಟ್ಟಿಗೆ ಕೆಡುವುದಿಲ್ಲ. ದೂರದ ದಾರಿಯಾದರೆ ತಲುಪಿದ ಮೇಲೆ ಚೀಲವನ್ನು ಬಿಚ್ಚಿಟ್ಟು ಗಂಟೆಗಟ್ಟಲೆ ಹನಿ ನೀರು ಬೆರೆಸುವ ಪದ್ಧತಿ ಬೇಡವೆಂದು ಅವರಿಗೆ ತಿಳಿಸಿ: ಚೀಲ ಬಿಚ್ಚಿದೊಡನೆ ಇಂಗಾಲದ ಡೈ ಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ, ಶೇಖರವಾಗಿದ್ದ ಅಮೋನಿಯಂ ವಿಷಕಾರಿ ಅಮೋನಿಯಾ ಆಗುತ್ತದೆ. ಮುಚ್ಚಿದ ಚೀಲವನ್ನೇ ಕಾಲು ಗಂಟೆ ತೇಲಿಸಿ ಉಷ್ಣತೆ ಸರಿಹೊಂದಿಸಿ, ಬಿಚ್ಚಿದ ಕೂಡಲೇ ಚೀಲದ ನೀರನ್ನು ಹೊರಗೆ ಚೆಲ್ಲಿ ಮೀನನ್ನಷ್ಟೇ ತೊಟ್ಟಿಗೆ ಸೇರಿಸಬೇಕು. ಯಾರೂ ಸಿಗದಿದ್ದರೆ ಜಿಲ್ಲೆಯ ಮೀನುಗಾರಿಕೆ ಇಲಾಖೆಯ ಕಚೇರಿಗೆ ಲಿಖಿತವಾಗಿ ತಿಳಿಸಿ ಅವರ ಸೂಚನೆ ಪಡೆಯಿರಿ. ಯಾವ ದಾರಿಯೂ ಇಲ್ಲವಾದರೆ ಪಶುವೈದ್ಯರ ಕೈಯಲ್ಲಿ ಅರಿವಳಿಕೆಯಿಂದ ನೋವಿಲ್ಲದೆ ಕೊನೆಗಾಣಿಸುವುದು, ನೋಡಲು ಕಠಿಣವಾದರೂ, ನದಿಗೆ ಬಿಡುವುದಕ್ಕಿಂತ ನ್ಯಾಯವಾದ ಮಾರ್ಗ. ತೊಟ್ಟಿಯ ನೀರನ್ನು ಚರಂಡಿಗೋ ಹಳ್ಳಕ್ಕೋ ಹರಿಸದೆ, ಹೊಳೆಯಿಂದ ದೂರವಿರುವ ತೆಂಗಿನ ಬುಡಕ್ಕೆ ಹಾಕಿ. ಡಬ್ಬಿ, ಪೈಪು, ಕಲ್ಲು, ಮಡಕೆಗಳನ್ನು ಕೆಲವು ದಿನ ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ ಬಳಿಕವೇ ಬೇರೆಯವರಿಗೆ ಕೊಡಿ.